ಬಾಯಿಗೆ ಬಿಟ್ಟ ನೀರು

ಹೋಸಿಯತ್ ಮೂಗಿನಲ್ಲಿ ನಳಿಗೆ ಹಾಕಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮಧ್ಯಾಹ್ನ ರೊಟ್ಟಿ ಮುರಿಯುವವರು ಯಾರೂ ಇರಲಿಲ್ಲ. ನೆಲದ ಮೇಲೆ ಊಟದ ಬಟ್ಟೆ ಹಾಸಿತ್ತು. ಪಿಂಗಾಣಿ ಕೆಟಲಿನಲ್ಲಿ ಹಸಿರು ಚಹಾ ಆರುತ್ತಿತ್ತು, ಅನ್ನ ಮಾಂಸ ಕೂಡಿಸಿ ಬೇಯಿಸಿದ ಶವ್ಲಾ ತಟ್ಟೆಯಲ್ಲಿ ಹೊಗೆಯಾಡುತ್ತಿತ್ತು. ರೊಟ್ಟಿ ಮಾತ್ರ ನಡುವೆ ಇಡಿಯಾಗಿ ಕೂತಿತ್ತು. ಮದುವೆಯಾಗಿ ಬಂದು ಅತ್ತೆ ತೀರಿಕೊಂಡ ಮೇಲೆ ಆ ಮನೆಯ ರೊಟ್ಟಿಯನ್ನು ಮುರಿದು ಎಲ್ಲರ ಮುಂದೆ ಇಡುತ್ತಿದ್ದವಳು ಹೋಸಿಯತ್. ಬೇರೆಯವರ ಕೈ ಅದರ ಮೇಲೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ.

"ಮುರೀರಪ್ಪ," ಎಂದ ಮಗ ನೆಮತ್.

ಮುದುಕ ಖೋಲ್ಮತ್ ರೊಟ್ಟಿಯನ್ನು ನೋಡಿದ. ಜಗಲಿಯ ಮೇಲೆ ಮಲಗಿದ್ದ ಹೆಂಡತಿಯನ್ನು ನೋಡಿದ. ಅವಳು ಇತ್ತ ಕಣ್ಣು ನೆಟ್ಟಿದ್ದಳು. ಬಾಯಿಯ ಒಂದು ಕೊನೆ ಇಳಿದುಹೋಗಿತ್ತು, ಅಲ್ಲಿಂದ ಜೊಲ್ಲು ಸೋರುತ್ತಿತ್ತು.

"ಅವಳು ನೋಡ್ತಾ ಇರೋವಾಗ ಹೆಂಗೋ ತಿನ್ನೋದು? ನಾಯಿಗಳ ಹಾಗೆ?"

"ತಿನ್ನದೆ ಇರೋಕಾಗುತ್ತಾ?"

"ನೀನು ತಿನ್ನು. ನಿಂಗೆ ಹಸಿವು ಜಾಸ್ತಿ."

ಸೊಸೆ ಮವ್ಜುದಾ ತಟ್ಟೆ, ಕೆಟಲು ಪಕ್ಕಕ್ಕಿಟ್ಟಳು. ಬಟ್ಟೆಯ ನಾಲ್ಕು ಮೂಲೆ ಹಿಡಿದು ರೊಟ್ಟಿ ಸಮೇತ ಎತ್ತಿಕೊಂಡು ತಂದೂರಿನ ಹಿಂದಿನ ಅಡುಗೆ ಕೋಣೆಗೆ ನಡೆದಳು. ಅವತ್ತಿನಿಂದ ಆ ಮನೆಯಲ್ಲಿ ಊಟವೆಂದರೆ ಕದ್ದು ತಿಂದ ಹಾಗೆ. ಒಬ್ಬೊಬ್ಬರೇ ಹಿಂದೆ ಹೋಗಿ, ನಿಂತುಕೊಂಡು ನಾಲ್ಕು ತುತ್ತು ನುಂಗಿ, ಬಾಯಿ ಒರೆಸಿಕೊಂಡು ಬರುತ್ತಿದ್ದರು.

ಲಕ್ವ ಹೊಡೆದದ್ದು ಜರ್ದಾಳು ಹಣ್ಣಿನ ಕಾಲ ಶುರುವಾದಾಗ. ನಮ್ಮ ಇಸ್ಫರಾದಲ್ಲಿ ಆ ತಿಂಗಳು ಯಾರಿಗೂ ಕಾಯಿಲೆ ಬೀಳಲು ಪುರುಸೊತ್ತಿರುವುದಿಲ್ಲ. ಹಣ್ಣು ಕೀಳಬೇಕು, ಸೀಳಿ ಬೀಜ ತೆಗೆಯಬೇಕು, ಗಂಧಕದ ಹೊಗೆ ಕೊಡಬೇಕು, ಚಾವಣಿಯ ಮೇಲೆ ಚಾಪೆ ಹಾಸಿ ಒಣಗಿಸಬೇಕು. ಹೋಸಿಯತ್ ಬೀಜ ಬಿಡಿಸುತ್ತ, ಸೊಸೆಯ ಕೈ ನಿಧಾನ ಎಂದು ಬೈಯುತ್ತ ಕೂತಿದ್ದವಳು ಮಾತಿನ ನಡುವೆಯೇ ಬುಟ್ಟಿಯ ಮೇಲೆ ವಾಲಿದಳು. ಜೀವ ಉಳಿಯಿತು. ಬಲಗೈ ಬಲಗಾಲು ಹೋದವು, ಮಾತು ತೊದಲಾಯಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಗಂಟಲು ನುಂಗುವುದನ್ನು ಮರೆತುಬಿಟ್ಟಿತು.

ಜಿಲ್ಲಾ ಆಸ್ಪತ್ರೆಯಲ್ಲಿ ಕರೆಂಟಿನ ಚಿಕಿತ್ಸೆ ಕೊಡುವ ಕೋಣೆಯೊಂದಿದೆ ಎಂದು ಮವ್ಜುದಾ ಯಾರಿಂದಲೋ ಕೇಳಿಕೊಂಡು ಬಂದಳು. ನೆಮತ್ ಖುಜಂದ್‌ಗೆ ಬಾಡಿಗೆ ಕಾರು ಓಡಿಸುತ್ತಿದ್ದ. ಬೆಳಗಿನ ಬಾಡಿಗೆ ಬಿಟ್ಟು ತಾಯಿಯನ್ನು ಹಿಂದಿನ ಸೀಟಿನಲ್ಲಿ ಒರಗಿಸಿಕೊಂಡು ಹೊರಟ. ಮವ್ಜುದಾ ಪಕ್ಕದಲ್ಲಿ ಕೂತು ಅತ್ತೆಯ ತಲೆ ಹಿಡಿದುಕೊಂಡಳು.

ಆ ಕೋಣೆಯ ಡಾಕ್ಟರು ಗುಲಂದಾಮ್ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೇಜಿನ ಮೇಲೆ ಹಳೆಯ ರೇಡಿಯೋದಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ತಂತಿಗಳು, ತಂತಿಗಳ ತುದಿಗೆ ಅಂಟುವ ಬಿಲ್ಲೆಗಳು. ಬಿಲ್ಲೆಗಳನ್ನು ಹೋಸಿಯತ್‌ಳ ಗದ್ದದ ಕೆಳಗೂ ಗಂಟಲ ಮೇಲೂ ಅಂಟಿಸಿದಳು.

"ಇದು ಮಂತ್ರ ಅಲ್ಲಮ್ಮ," ಎಂದಳು. "ಗಂಟಲಿನ ಸ್ನಾಯು ಮಲಗಿಬಿಟ್ಟಿದೆ. ಕರೆಂಟು ಅದನ್ನ ಚಿವುಟಿ ಎಬ್ಬಿಸುತ್ತೆ. ಅದು ಎದ್ದಾಗ ನಿಮ್ಮತ್ತೆ ತಾವೇ ನುಂಗೋ ಪ್ರಯತ್ನ ಮಾಡ್ಬೇಕು. ಬರೀ ಕರೆಂಟಿಂದ ಏನೂ ಆಗಲ್ಲ. ಕೆಲವರಿಗೆ ಚೆನ್ನಾಗಿ ಹಿಡಿಯುತ್ತೆ, ಕೆಲವರಿಗೆ ಏನೂ ಆಗಲ್ಲ. ನಾನು ಭಾಷೆ ಕೊಡಲ್ಲ."

"ಭಾಷೆ ಬೇಡ ಡಾಕ್ಟ್ರೇ, ಶುರು ಮಾಡಿ," ಎಂದಳು ಮವ್ಜುದಾ.

"ಇನ್ನೊಂದು ಮಾತು. ಮನೇಲಿ ಬಾಯಿಗೆ ಏನೂ ಹಾಕ್ಬೇಡಿ. ನಾನು ಹೇಳಿದ ಮೇಲೆ ಗಟ್ಟಿ ಗಂಜಿ ಮಾತ್ರ, ಅದೂ ಗದ್ದ ಎದೆಗೆ ಬಾಗಿಸಿ, ಚಮಚದ ತುದೀಲಿ. ಗಟ್ಟಿ ಇದ್ರೆ ನಿಧಾನಕ್ಕೆ ಇಳಿಯುತ್ತೆ. ನೀರು ಓಡುತ್ತೆ. ಗಂಟಲು ಬಾಗಿಲು ಮುಚ್ಚೋದ್ರೊಳಗೆ ಎದೆಗೆ ಇಳಿದುಬಿಡುತ್ತೆ. ಚಹಾ ಬೇಡ, ಸಾರು ಬೇಡ, ನೀರಂತೂ ಬೇಡವೇ ಬೇಡ."

"ಬಾಯಾರಿಕೆ ಆದ್ರೆ?" ಎಂದು ಕೇಳಿದ ನೆಮತ್.

"ನಳಿಗೇಲಿ ನೀರು ಹೋಗ್ತಾ ಇದೆಯಲ್ಲ. ಮೈಗೆ ಸಾಲುತ್ತೆ. ಬಾಯಿಗೆ ಮಾತ್ರ ಅದು ಗೊತ್ತಾಗಲ್ಲ. ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಒರೆಸಿ."

ಮನೆಗೆ ಬಂದು ನೆಮತ್ ಇದನ್ನೆಲ್ಲ ಅಪ್ಪನಿಗೆ ಹೇಳಿದ. ಖೋಲ್ಮತ್ ಚಹಾದ ಬಟ್ಟಲು ಕೈಯಲ್ಲಿ ಹಿಡಿದು ಕೇಳಿಸಿಕೊಂಡ.

"ನೀರೇ ಬೇಡ ಅಂದ್ಲಾ?"

"ಹೌದಪ್ಪ."

"ಓದಿರೋ ಹುಡುಗಿ," ಎಂದು ಬಟ್ಟಲು ಕೆಳಗಿಟ್ಟು, ಕುಡಿಯದೆ ಎದ್ದುಹೋದ. ಅವನು ನಮ್ಮ ಬೀದಿಯ ನೀರುಗಂಟಿಯಾಗಿದ್ದವನು. ಕಾಲುವೆಯ ನೀರನ್ನು ಸರದಿ ತಪ್ಪದಂತೆ ಒಂದೊಂದು ತೋಟಕ್ಕೂ ಬಿಟ್ಟು ಮುದುಕನಾಗಿದ್ದ. ಜಗಳವಾಡಿದ ಮನೆಯವರ ತೋಟಕ್ಕೂ ಅವನು ನೀರು ತಪ್ಪಿಸಿದವನಲ್ಲ.

ದಿನಾ ಬೆಳಿಗ್ಗೆ ಹೋಗಿ ಬರುವುದು ನಡೆಯಿತು. ಕರೆಂಟು ಏರಿದಾಗ ಹೋಸಿಯತ್‌ಳ ಗಂಟಲು ತಾನಾಗಿ ಬಿಗಿಯುತ್ತಿತ್ತು, ಕಣ್ಣು ದೊಡ್ಡದಾಗುತ್ತಿತ್ತು. ಮವ್ಜುದಾ ಅವಳ ಗದ್ದ ಬಾಗಿಸಿ, "ನುಂಗಿ ಅತ್ತೆ, ಈಗ, ಈಗ ನುಂಗಿ," ಎನ್ನುತ್ತಿದ್ದಳು. ಹೋಸಿಯತ್ ಎಡಗೈಯಿಂದ ಅವಳ ಕೈಗೆ ಹೊಡೆಯುತ್ತಿದ್ದಳು. ಮೊದಮೊದಲು ಎಂಜಲು ಕೂಡ ಇಳಿಯಲಿಲ್ಲ. ಮನೆಯಲ್ಲಿ ಕಿತ್ತ ಹಣ್ಣು ಬುಟ್ಟಿಯಲ್ಲೇ ಕೊಳೆಯತೊಡಗಿತು, ನೊಣ ಮುತ್ತಿತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡಿ ನಾಲಿಗೆ ಲೊಚಗುಟ್ಟಿದರು.

ನೆಮತ್‌ನ ಅಕ್ಕ ಶೋಯಿರಾ ಖುಜಂದ್‌ನಿಂದ ಬಂದಿಳಿದದ್ದು ಆ ವಾರವೇ. ಅಲ್ಲಿ ಅವಳಿಗೆ ಬಟ್ಟೆಯಂಗಡಿ ಇತ್ತು. ಕಾರಿನಿಂದ ಇಳಿದವಳು ತಲೆವಸ್ತ್ರವನ್ನೂ ಬಿಚ್ಚದೆ ತಾಯಿಯ ಕಾಲು ಹಿಡಿದು ಅತ್ತಳು. ಅತ್ತು ಮುಗಿಸಿ ಗಂಟಲ ಮೇಲಿನ ಕೆಂಪು ಗುರುತುಗಳನ್ನು ಕಂಡಳು.

"ಇದೇನಿದು?"

"ಕರೆಂಟಿನ ಬಿಲ್ಲೆ ಅಂಟಿಸ್ತಾರೆ ಅತ್ತಿಗೆ," ಎಂದಳು ಮವ್ಜುದಾ.

"ಕರೆಂಟು? ನಮ್ಮಮ್ಮ ಏನು ಬಲ್ಬಾ? ಒಂದ್ಸಲ ತಲೇಲಿ ನರ ಒಡೆದಿರೋರಿಗೆ ಕರೆಂಟು ಕೊಡ್ತಾರಾ? ಲೇ ನೆಮತ್, ನಿಂಗೆ ಬುದ್ಧಿ ಎಲ್ಲಿಟ್ಟಿದೀಯ?"

"ಡಾಕ್ಟ್ರು ಹೇಳಿದ್ದು ಅಕ್ಕ."

"ಡಾಕ್ಟ್ರು ಹೇಳಿದ್ದಾ, ನಿನ್ನ ಹೆಂಡ್ತಿ ಹೇಳಿದ್ದಾ? ದಿನಾ ಬೆಳಿಗ್ಗೆ ಕಾರಲ್ಲಿ ತಿರುಗಾಡೋಕೆ ಚೆನ್ನಾಗಿರುತ್ತೆ ಬಿಡು. ಹಣ್ಣು ಕೊಳೆತ್ರೆ ಕೊಳೀಲಿ."

ಮವ್ಜುದಾ ಬಾಯಿಗೆ ಬೀಗ ಹಾಕಿಕೊಂಡಳು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳು ಕಲಿತ ಮೊದಲ ಕೆಲಸ ಅದು. ನಮ್ಮ ಕಡೆ ಸೊಸೆಯ ದನಿ ಅಂಗಳ ದಾಟುವುದಿಲ್ಲ. ಮಾವನ ಜೊತೆ ಅವಳು ತಾನಾಗಿ ಮಾತು ತೆಗೆಯುವುದೇ ಇಲ್ಲ. ಏನಿದ್ದರೂ ಗಂಡನ ಮೂಲಕ, ಇಲ್ಲವೆ ಮಗಳ ಮೂಲಕ.

ಶೋಯಿರಾಳ ಬಾಯಿ ಮುಚ್ಚಿಸಿದ್ದು ಹೋಸಿಯತ್ತೇ. ಡಾಕ್ಟರು ಒಪ್ಪಿಗೆ ಕೊಟ್ಟ ಬೆಳಿಗ್ಗೆ ಮವ್ಜುದಾ ಜರ್ದಾಳು ಬೇಯಿಸಿ, ಸೋಸಿ, ಗಂಜಿಹಿಟ್ಟು ಹಾಕಿ ಮೊಸರಿನಷ್ಟು ಗಟ್ಟಿಮಾಡಿ ಡಬ್ಬಿಯಲ್ಲಿ ತೆಗೆದುಕೊಂಡು ಹೋದಳು. ಶೋಯಿರಾ ಕಾವಲಿಗೆಂದೇ ಜೊತೆಗೆ ಹೋಗಿದ್ದಳು. ಕರೆಂಟು ಏರಿತು, ಚಮಚದ ತುದಿ ಬಾಯಿಗೆ ಹೋಯಿತು, ಹೋಸಿಯತ್‌ಳ ಗಂಟಲ ಗಂಟು ನಡುಗಿ, ಮೇಲೇರಿ, ಇಳಿಯಿತು. ಹೋಸಿಯತ್ ಮುಖ ಹಿಂಡಿದಳು.

"ಸಪ್ಪೆ," ಎಂದಳು.

ಡಾಕ್ಟರು ಜೋರಾಗಿ ನಕ್ಕುಬಿಟ್ಟಳು. "ನಾಲಿಗೆ ಸರಿಯಾಗೇ ಇದೆ!"

ಮವ್ಜುದಾಗೆ ಅಳು ತಡೆಯಲಾಗಲಿಲ್ಲ. ನೀನು ಮಾಡಿದ್ದು ಸಪ್ಪೆ, ನೀನು ಮಾಡಿದ್ದು ಉಪ್ಪು ಎಂದು ಕೇಳಿ ಕೇಳಿ ಅಡುಗೆ ಕೋಣೆಯಲ್ಲಿ ಎಷ್ಟೋ ಸಲ ಅತ್ತವಳು ಅವಳು. ಅವತ್ತು ಅದೇ ಮಾತಿಗೆ ಸಂತೋಷದಿಂದ ಅತ್ತಳು. ಶೋಯಿರಾ ಕೂಡ ಕಣ್ಣೊರೆಸಿಕೊಂಡು, "ಸ್ವಲ್ಪ ಸಕ್ಕರೆ ಹಾಕ್ಬಾರ್ದಿತ್ತಾ?" ಎಂದಳಷ್ಟೆ.

ಅಲ್ಲಿಂದ ದಿನಕ್ಕೊಂದು ಚಮಚ ಹೆಚ್ಚುತ್ತ ಹೋಯಿತು. ಹೀಗೇ ನಡೆದರೆ ನಳಿಗೆ ತೆಗೆಯಬಹುದು ಎಂದಳು ಡಾಕ್ಟರು. ಮನೆಯವರು ಮತ್ತೆ ಜಗಲಿಯ ಹತ್ತಿರವೇ ಊಟದ ಬಟ್ಟೆ ಹಾಸಿದರು. ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಖೋಲ್ಮತ್ ಎಲ್ಲರನ್ನೂ ಕೆಲಸಕ್ಕೆ ಕಳಿಸುತ್ತಿದ್ದ. "ನೀವು ಹೋಗಿ ಹಣ್ಣು ನೋಡ್ಕೊಳ್ಳಿ, ಇವಳ ಹತ್ರ ನಾನಿರ್ತೀನಿ," ಎನ್ನುತ್ತಿದ್ದ. ಜೀವಮಾನವೆಲ್ಲ ಹೆಂಡತಿಯ ಪಕ್ಕ ಒಂದು ಗಳಿಗೆ ಕೂರದಿದ್ದ ಮುದುಕ ಈಗ ಹೀಗಾದನಲ್ಲ ಎಂದು ಬೀದಿಯ ಹೆಂಗಸರು ಮರುಗಿದರು.

ಆಮೇಲೆ ಜ್ವರ ಬಂತು. ಎದೆಯಲ್ಲಿ ಗೊರಗೊರ ಸದ್ದು, ತುಟಿ ನೀಲಿ. ಆಸ್ಪತ್ರೆಗೆ ಹೊತ್ತೊಯ್ದರು. ನ್ಯುಮೋನಿಯಾ ಎಂದರು. ಸೂಜಿಮದ್ದು ಕೊಟ್ಟು, ಜ್ವರ ಇಳಿಸಿ ಮನೆಗೆ ಕಳಿಸಿದರು. ಮತ್ತೆ ಕರೆಂಟು ಶುರುವಾಯಿತು. ಸ್ವಲ್ಪ ಚೇತರಿಸಿಕೊಂಡಳು ಎನ್ನುವಷ್ಟರಲ್ಲಿ ಮತ್ತೆ ಅದೇ ಜ್ವರ, ಅದೇ ಸೂಜಿಮದ್ದು.

"ಎಲ್ಲಿಂದಲೋ ತೆಳ್ಳಗಿರೋದು ಏನೋ ಎದೆಗೆ ಹೋಗ್ತಾ ಇದೆ," ಎಂದಳು ಡಾಕ್ಟರ್ ಗುಲಂದಾಮ್. "ಕರೆಂಟಿಂದ ಕಫ ಬರಲ್ಲ. ಮನೇಲಿ ಬಾಯಿಗೆ ಯಾರು ಏನು ಕೊಡ್ತಾ ಇದೀರಿ?"

"ಯಾರೂ ಏನೂ ಕೊಡ್ತಿಲ್ಲ," ಎಂದ ನೆಮತ್.

"ಇವಳೊಬ್ಬಳೇ ಕೊಡೋದು," ಎಂದಳು ಶೋಯಿರಾ.

ಎಲ್ಲರೂ ಮವ್ಜುದಾಳನ್ನು ನೋಡಿದರು.

"ನಾನು ಕೊಟ್ಟಿದ್ದು ಗಂಜಿ ಮಾತ್ರ. ಡಾಕ್ಟ್ರು ಹೇಳಿದಷ್ಟೇ ಗಟ್ಟಿ."

"ಅವಸರದಲ್ಲಿ ಸುರೀತೀಯ. ಚಾವಣಿ ಮೇಲೆ ಹಣ್ಣು ಕಾಯ್ತಾ ಇರುತ್ತಲ್ಲ, ಅತ್ತೆ ಬಾಯಿಗೆ ತುರುಕಿ ಓಡ್ತೀಯ."

"ದೇವರಾಣೆ ಇಲ್ಲ ಅತ್ತಿಗೆ."

"ದೇವರನ್ನ ಯಾಕೆ ಎಳೀತೀಯ ಮಧ್ಯಕ್ಕೆ?"

ಮನೆಗೆ ಬಂದ ನೆಮತ್ ಅಂಗಳದಲ್ಲಿ ಕಾರು ನಿಲ್ಲಿಸಿ, ಇಳಿಯದೆ, ಮುಂದಿನ ಗಾಜು ನೋಡುತ್ತ ಹೇಳಿದ. "ಇವತ್ತಿಂದ ಅಕ್ಕ ನೋಡ್ಕೊಳ್ತಾಳೆ. ನೀನು ಅಮ್ಮನ್ನ ಮುಟ್ಬೇಡ."

"ಕರೆಂಟಿಗೆ?"

"ಕರೆಂಟೂ ಬೇಡ, ಏನೂ ಬೇಡ. ಸಾಕು."

"ರೀ, ನುಂಗ್ತಾ ಇದ್ರು. ನೀವೇ ನೋಡಿದ್ರಿ. ಈಗ ಬಿಟ್ರೆ ಕಲಿತಿದ್ದೂ ಮರೆತುಹೋಗುತ್ತೆ."

"ಸಾಕು ಅಂದೆ."

ಹೀಗೆ ಮವ್ಜುದಾಗೆ ಚಾವಣಿಯೇ ಗತಿಯಾಯಿತು. ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಣ್ಣು ಮಗುಚಿ ಹಾಕುವುದು, ಇಳಿದು ಬಟ್ಟೆ ಒಗೆಯುವುದು, ತಂದೂರು ಹಚ್ಚುವುದು, ಮತ್ತೆ ಹತ್ತುವುದು. ಅತ್ತೆಯ ಹೊಲಸು ಬಟ್ಟೆ ಮಾತ್ರ ಅವಳ ಪಾಲಿಗೇ ಉಳಿಯಿತು. ಅದನ್ನು ಶೋಯಿರಾ ಮುಟ್ಟುತ್ತಿರಲಿಲ್ಲ. ಅಜ್ಜಿಯನ್ನು ಬೀಬಿ ಎನ್ನುವ ಹತ್ತು ವರ್ಷದ ಮಗಳು ಸಿತೋರಾ ಕೇಳಿದಳು, "ಬೀಬಿ ನಿನ್ನನ್ನೇ ಕರೀತಾ ಇದಾರೆ, ಯಾಕಮ್ಮ ಹೋಗಲ್ಲ?"

"ಹಣ್ಣು ಮಗುಚಬೇಕಲ್ಲಮ್ಮ," ಎಂದಳು.

ಒಂದು ಸಂಜೆ ಹಾಗೆ ಮಗುಚುತ್ತ ಚಾವಣಿಯ ಅಂಚಿಗೆ ಬಂದಳು. ಅಂಗಳದಾಚೆ ಜಗಲಿ ಕೆಳಗೆ ಪೂರ್ತಿ ಕಾಣುತ್ತಿತ್ತು. ಶೋಯಿರಾ ಒಳಗೆ ನಮಾಜಿಗೆ ಹೋಗಿದ್ದಳು. ಖೋಲ್ಮತ್ ತನ್ನ ನಮಾಜು ಮುಗಿಸಿ ಚಾಪೆ ಮಡಿಸಿದ. ಗೂಡಿನಿಂದ ಒಂದು ಚಹಾದ ಬಟ್ಟಲು ತೆಗೆದ. ಹೆಂಡತಿಯ ತಲೆಯನ್ನು ತೋಳಿನ ಮೇಲೆ ಒರಗಿಸಿಕೊಂಡು, ಏನೋ ಪಠಿಸುತ್ತ, ಚಮಚದಿಂದ ಬಾಯಿಗೆ ಬಿಟ್ಟ. ಒಂದು, ಇನ್ನೊಂದು. ಹೋಸಿಯತ್ ಬಾಯಿ ಕಳೆದು ಕಾಯುತ್ತಿದ್ದಳು. ಎಡಗೈಯಿಂದ ಅವನ ತೋಳು ಹಿಡಿದು ಎಳೆಯುತ್ತಿದ್ದಳು. ನಾಲ್ಕನೆಯ ಚಮಚಕ್ಕೆ ಕೆಮ್ಮಿದಳು. ಕೆಮ್ಮಿದ್ದನ್ನು ಅವನು ತೋಳಿನಿಂದ ಒರೆಸಿದ.

ಮವ್ಜುದಾ ಏಣಿ ಹೇಗೆ ಇಳಿದಳೋ ಅವಳಿಗೇ ಗೊತ್ತಾಗಲಿಲ್ಲ. ಕೈಗೆಲ್ಲ ಜರ್ದಾಳಿನ ಅಂಟು.

"ಮಾವ."

ಖೋಲ್ಮತ್ ಬೆಚ್ಚಿಬಿದ್ದ. ಆ ದನಿ ತಾನಾಗಿ ಅವನನ್ನು ಕರೆದದ್ದು ಅದೇ ಮೊದಲು.

"ಕೊಡ್ಬೇಡಿ ಮಾವ. ಇದಕ್ಕೇ ಜ್ವರ ಬರ್ತಾ ಇರೋದು."

"ಏನು ಕೊಡ್ತಾ ಇದೀನಿ ನಾನು, ವಿಷಾನಾ? ನೀರಮ್ಮ. ಕುದಿಸಿ ಆರಿಸಿದ ನೀರು."

"ನೀರೇ ಮಾವ. ಡಾಕ್ಟ್ರು ಹೇಳಿದ್ರಲ್ಲ."

"ಡಾಕ್ಟ್ರು!" ಮುದುಕ ಚಮಚವನ್ನು ಬಟ್ಟಲಿಗೆ ಹಾಕಿದ. "ನಮ್ಮಮ್ಮ ಸಾಯೋವಾಗಲೂ ಡಾಕ್ಟ್ರೇ ಹೇಳಿದ್ರು. ಆಪರೇಷನ್ ಆಗಿದೆ, ನೀರು ಕೊಡ್ಬೇಡಿ ಅಂತ. ನೀರು ನೀರು ಅಂತ ಕೇಳಿದ್ಲು. ನಾನು ಅವರ ಮಾತು ಕೇಳ್ಕೊಂಡು ಕಲ್ಲಿನ ಹಾಗೆ ನಿಂತಿದ್ದೆ. ಹೋದ್ಮೇಲೆ ನೋಡಿದ್ರೆ ನಾಲಿಗೆ ಸೌದೆ ಆಗಿತ್ತು. ಬಾಯಾರಿ ಸಾಯೋರ ತಲೆ ಹತ್ರ ಶೈತಾನ ಬರ್ತಾನೆ, ತಣ್ಣೀರಿನ ಬಟ್ಟಲು ಹಿಡ್ಕೊಂಡು. ನಿನ್ನ ಈಮಾನು, ದೇವರ ಮೇಲಿನ ನಂಬಿಕೆ, ಕೊಡು, ಕುಡಿಸ್ತೀನಿ ಅಂತಾನೆ. ಇವಳನ್ನೂ ಅವನ ಕೈಗೆ ಕೊಡ್ಲಾ? ಊರಿನ ಗಿಡಗಳಿಗೆಲ್ಲ ನೀರು ಬಿಟ್ಟೋನು ನಾನು, ಹೆಂಡ್ತಿಗೆ ಇಲ್ಲ ಅನ್ಲಾ?"

"ಅತ್ತೆ ಸಾಯ್ತಾ ಇಲ್ಲ ಮಾವ."

"ಹಂಗಂತ ಯಾರು ಹೇಳಿದ್ರು?"

"ಸಪ್ಪೆ ಅಂದ್ರಲ್ಲ. ಸಾಯೋರು ಗಂಜೀಗೆ ಸಕ್ಕರೆ ಕೇಳ್ತಾರಾ?"

ಖೋಲ್ಮತ್ ಬಟ್ಟಲನ್ನು ನೋಡಿದ. ಹೋಸಿಯತ್ ಅವನ ತೋಳು ಬಿಟ್ಟಿರಲಿಲ್ಲ. "ನೀರು," ಎಂದಳು. ಆ ಮಾತು ಮಾತ್ರ ಅವಳ ಬಾಯಲ್ಲಿ ತೊದಲುತ್ತಿರಲಿಲ್ಲ. ಮವ್ಜುದಾ ಬಗ್ಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅದು ಅವಳಿಗೆ ಸುಲಭದ ಕೆಲಸವಾಗಿರಲಿಲ್ಲ.

"ಯಾರಿಗೂ ಹೇಳ್ಬೇಡ," ಎಂದ ಮುದುಕ.

"ನಾನು ಹೇಳಲ್ಲ. ನೀವೇ ಹೇಳಿ ಮಾವ. ನೀವು ಒಂದು ಮಾತು ಅಂದ್ರೆ ನಾಳೆ ಮತ್ತೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ನನ್ನ ತಲೆ ಮೇಲೆ ಕೂರಿಸಿರೋ ಗೂಬೆ ಹಾರಿದ್ರೆ ಹಾರ್ಲಿ, ಬಿಟ್ರೆ ಬಿಡ್ಲಿ. ಅತ್ತೆ ಗಂಟಲು ಉಳೀಬೇಕು."

"ಹೇಳ್ತೀನಿ," ಎಂದ. "ನಾಳೆ ಹೇಳ್ತೀನಿ."

ನೀರು ಕೊಡುವುದನ್ನು ಅವತ್ತಿಗೇ ನಿಲ್ಲಿಸಿದ. ಹೇಳುವ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ನಾಳೆ ಹೋಗಿ ನಾಡಿದ್ದು ಬಂತು. ಮವ್ಜುದಾ ಚಹಾ ಕೊಡುವಾಗ ಅವನ ಮುಖ ನೋಡುತ್ತಿದ್ದಳು. ಅವನು ಬಟ್ಟಲು ನೋಡುತ್ತಿದ್ದ. ಬೀದಿಯಲ್ಲಿ ಹಿರಿಯ ಎನಿಸಿಕೊಂಡವನು, ಹೆಂಡತಿಗೆ ಜ್ವರ ಬರಿಸಿದ್ದು ತಾನೇ ಎಂದು ಮಕ್ಕಳ ಮುಂದೆ ಹೇಳುವುದು ಅವನಿಂದಾಗಲಿಲ್ಲ. ನಾಚಿಕೆ ಎನ್ನುವುದು ಎಂಥ ಕೆಟ್ಟ ರೋಗ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ.

ಕೊನೆಗೆ ಮವ್ಜುದಾ ಗಂಡನಿಗೆ ಹೇಳಿದಳು. ಅವನು ಕಾರು ತೊಳೆಯುತ್ತಿದ್ದ.

"ಜ್ವರ ಬಂದಿದ್ದು ಕರೆಂಟಿಂದಲ್ಲ, ಗಂಜಿಯಿಂದಲೂ ಅಲ್ಲ. ಮಾವ ಸಂಜೆ ಹೊತ್ತು ಬಾಯಿಗೆ ನೀರು ಬಿಡ್ತಾ ಇದ್ರು."

ನೆಮತ್ ಬಕೆಟ್ ಕೆಳಗಿಟ್ಟ. "ಏನಂದೆ?"

"ನಾನೇ ಕಣ್ಣಾರೆ ನೋಡಿದೆ, ಚಾವಣಿ ಮೇಲಿಂದ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಅವರೇ ಹೇಳ್ತೀನಿ ಅಂದಿದ್ರು."

"ನಿನ್ನ ಹತ್ರ? ಅಪ್ಪ ನಿನ್ನ ಹತ್ರ ಮಾತಾಡಿದ್ರಾ?" ನೆಮತ್‌ಗೆ ನಗು ಬಂತು, ಕೆಟ್ಟ ನಗು. "ಅಕ್ಕ ಹೇಳಿದ್ದು ಸರಿ. ನಿನ್ನ ಮೇಲೆ ಬಂದಿದ್ದನ್ನ ಯಾರ ಮೇಲಾದ್ರೂ ಜಾರಿಸ್ಬೇಕು ನಿಂಗೆ. ಸಿಕ್ಕಿದ್ದು ನಮ್ಮಪ್ಪ!"

"ಕೇಳಿ ಬೇಕಾದ್ರೆ. ಹೋಗಿ ಕೇಳಿ."

ಕೇಳಿದ. ಆ ಸಂಜೆ ಊಟದ ಬಟ್ಟೆ ಹಾಸಿದಾಗ ಎಲ್ಲರೂ ಇದ್ದರು. ಮಸ್ತಾವಾ ಎಂಬ ಅಕ್ಕಿಯ ಸಾರು ಆವಿಯಾಡುತ್ತಿತ್ತು. ಈಗ ರೊಟ್ಟಿ ಮುರಿಯುವ ಕೆಲಸ ಶೋಯಿರಾಳದ್ದು.

"ಅಪ್ಪ, ಇವಳೊಂದು ಮಾತು ಹೇಳ್ತಾಳೆ. ನೀವು ಅಮ್ಮನ ಬಾಯಿಗೆ ನೀರು ಬಿಡ್ತಿದ್ರಂತೆ. ಜ್ವರ ಅದಕ್ಕೇ ಬಂತಂತೆ. ನಿಜಾನಾ?"

ಶೋಯಿರಾಳ ಕೈಯಲ್ಲಿ ರೊಟ್ಟಿ ಅರ್ಧಕ್ಕೆ ನಿಂತಿತು. ಖೋಲ್ಮತ್ ಮಗನನ್ನು ನೋಡಿದ, ಮಗಳನ್ನು ನೋಡಿದ. ಸೊಸೆಯ ಕಡೆ ಮಾತ್ರ ತಿರುಗಲಿಲ್ಲ. ತುಟಿ ಒಮ್ಮೆ ಅಲುಗಿತು. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದು ಅಂಗಳ ದಾಟಿ ಕಾಲುವೆಯ ಕಡೆ ನಡೆದುಬಿಟ್ಟ.

"ನೋಡಿದ್ಯಾ?" ಎಂದಳು ಶೋಯಿರಾ. "ಈ ವಯಸ್ಸಲ್ಲಿ ಇಂಥ ಮಾತು ಕೇಳೋ ಹಾಗೆ ಮಾಡಿದ್ಲು. ಊಟ ಬಿಟ್ಟು ಎದ್ದುಹೋದ್ರು. ನಿಂಗೆ ಸಮಾಧಾನ ಆಯ್ತೇನೇ?"

ನೆಮತ್ ಹೆಂಡತಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಒಂದು ದಿನದ ನೋವು. ಅವನು ಅವಳ ಜೊತೆ ಮಾತು ಬಿಟ್ಟ. ಬೀದಿಗೆಲ್ಲ ಸುದ್ದಿ ಹರಡಿತು. ರೊಟ್ಟಿ ಸುಡಲು ಅದೇ ಬೀದಿಯ ನಮ್ಮ ಮನೆಯ ತಂದೂರಿಗೆ ಬರುತ್ತಿದ್ದ ಹೆಂಗಸರು ಕೂಡ, ಮಾವನ ಮೇಲೇ ಆರೋಪ ಹೊರಿಸಿದವಳು ಎಂದು ಮೂಗು ಮುರಿದರು. ನಾವೂ ಮುರಿದೆವು.

ಜರ್ದಾಳು ಒಣಗಿ ಚೀಲ ಸೇರಿತು. ಮಕ್ಕಳು ಶಾಲೆಗೆ ಹೋಗತೊಡಗಿದರು. ಹೋಸಿಯತ್ ದಿನದಿನಕ್ಕೆ ಇಳಿಯುತ್ತ ಹೋದಳು. ನೀರು ನಿಂತ ಮೇಲೆ ಕೆಲವು ದಿನ ಕೆಮ್ಮು ತಗ್ಗಿತ್ತು. ಆದರೆ ನಳಿಗೆಯಲ್ಲಿ ಹೋದದ್ದು ಮೈಗೆ ಹತ್ತಲಿಲ್ಲ, ಎರಡು ಜ್ವರ ಅವಳ ಶಕ್ತಿಯನ್ನೆಲ್ಲ ಹೀರಿಬಿಟ್ಟಿದ್ದವು. ಸಿತೋರಾ ಹತ್ತಿರ ಕೂತು ತಾಯಿ ಹೇಳಿಕೊಟ್ಟ ಹಾಗೆ, "ಬೀಬಿ, ನುಂಗಿ, ಈಗ ನುಂಗಿ," ಎಂದು ಆಟದಂತೆ ಹೇಳುತ್ತಿದ್ದಳು. ಹೋಸಿಯತ್ ಮೊಮ್ಮಗಳ ಸಂತೋಷಕ್ಕೆ ಎಂಜಲು ನುಂಗಲು ನೋಡುತ್ತಿದ್ದಳು.

ಖೋಲ್ಮತ್ ಈಗ ಜಗಲಿಯ ಕಡೆ ಹೋಗುತ್ತಿರಲಿಲ್ಲ. ಒಂದು ದಿನ ಸೌದೆಮನೆಯಲ್ಲಿ ಮವ್ಜುದಾ ಎದುರಾದಳು.

"ಇನ್ನೂ ಹೊತ್ತು ಮೀರಿಲ್ಲ ಮಾವ," ಎಂದಳು. ಈಗ ಅವಳಿಗೆ ಯಾವ ಸಂಕೋಚವೂ ಉಳಿದಿರಲಿಲ್ಲ. "ನನ್ನ ಮಾತು ಯಾರೂ ನಂಬಲ್ಲ. ನಿಮ್ಮದು ನಂಬ್ತಾರೆ."

"ನಂಬ್ತಾರಲ್ಲ," ಎಂದ ಮುದುಕ. "ಅದಕ್ಕೇ ಭಯ."

"ನಿಮಗೆ ಮಕ್ಕಳ ಮುಂದೆ ತಲೆ ಎತ್ತೋದು ಮುಖ್ಯ. ಅತ್ತೆಗೆ ಗಂಟಲು ಮುಖ್ಯ."

"ನಂಗೆ ಗೊತ್ತಿಲ್ವಾ? ಹೋಗಮ್ಮ. ಹೋಗು ನೀನು."

ಅವಳು ಸೌದೆ ಹೊತ್ತುಕೊಂಡು ಹೋದಳು. ಅವನು ಅಲ್ಲೇ ಮರದ ದಿಮ್ಮಿಯ ಮೇಲೆ ಕೂತುಬಿಟ್ಟ. ಅವನ ಮೇಲೆ ಸಿಟ್ಟು ಬರುತ್ತದೆ ನನಗೆ, ಇವತ್ತಿಗೂ ಬರುತ್ತದೆ.

ಕಾಲುವೆಯ ಅಂಚಿನ ಮರಗಳು ಎಲೆ ಉದುರಿಸತೊಡಗಿದಾಗ ಮೂರನೆಯ ಜ್ವರ ಬಂತು. ಈ ಸಲ ಯಾರೂ ನೀರು ಕೊಟ್ಟಿರಲಿಲ್ಲ. ಮಲಗಿದಲ್ಲೇ ಮಲಗಿ ಸವೆದ ಮೈಗೆ ಯಾವ ನೆಪವಾದರೂ ಸಾಕಾಗಿತ್ತು. ಆಸ್ಪತ್ರೆಯವರು ನೋಡಿ, ಮನೆಗೇ ಕರೆದುಕೊಂಡು ಹೋಗಿ ಎಂದರು. ನಳಿಗೆ ತೆಗೆದರು. ನೆಂಟರು ಬಂದರು. ಪಕ್ಕದ ಮನೆಯ ಮುಲ್ಲಾ ತಲೆಯ ಬಳಿ ಕೂತು ಓದತೊಡಗಿದ. ಮಧ್ಯಾಹ್ನದ ಬಿಸಿಲು ಜಗಲಿಗೆ ಬಿದ್ದಿತ್ತು.

ಶೋಯಿರಾ ಬಟ್ಟಲಲ್ಲಿ ನೀರು, ಸ್ವಲ್ಪ ಹತ್ತಿ ತಂದಳು. ಅಳುತ್ತಲೇ ತಂದೆಯ ಮುಂದೆ ಹಿಡಿದಳು. "ಅಪ್ಪ, ನೀವೇ ಬಿಡಿ. ನಿಮ್ಮ ಕೈಯಿಂದ ಆಗ್ಲಿ. ಬಾಯಾರಿ ಹೋಗ್ಬಾರ್ದು."

ಖೋಲ್ಮತ್ ಕೈ ಚಾಚಲಿಲ್ಲ.

"ಅಪ್ಪ, ತಗೊಳ್ಳಿ."

"ನಾನು ಕೊಟ್ಟಾಗಿದೆ," ಎಂದ.

"ಯಾವಾಗ? ಈಗ ತಾನೇ ನೀರು ತಂದೆ..."

"ಬೇಸಿಗೇಲಿ ಕೊಟ್ಟೆ. ದಿನಾ ಕೊಟ್ಟೆ. ನೀವೆಲ್ಲ ಆಕಡೆ ಹೋದ ಮೇಲೆ ಚಮಚದಲ್ಲಿ ಕೊಟ್ಟೆ." ಮುಲ್ಲಾ ಓದುವುದನ್ನು ನಿಲ್ಲಿಸಿದ್ದ. ಮುದುಕನ ದನಿ ಎಲ್ಲರಿಗೂ ಕೇಳುವಷ್ಟಿತ್ತು. "ಜ್ವರ ಬಂದಿದ್ದು ಅದಕ್ಕೆ. ಕರೆಂಟಿಗಲ್ಲ. ಸೊಸೆ ನಿಜ ಹೇಳಿದ್ಲು, ನಾನು ಸುಳ್ಳನ ಹಾಗೆ ಎದ್ದುಹೋದೆ. ನನ್ನ ಕೈ ನೀರು ಸಾಕಾಯ್ತು ಅವಳಿಗೆ. ಮವ್ಜುದಾ ಬಿಡ್ಲಿ."

ನೆಮತ್ ಬಾಗಿಲ ಕಂಬ ಹಿಡಿದು ನಿಂತಿದ್ದವನು ಕಂಬಕ್ಕೇ ಹಣೆ ಒತ್ತಿದ. ಶೋಯಿರಾ ಬಟ್ಟಲು ಹಿಡಿದ ಕೈಯನ್ನು ಎತ್ತ ನೀಡಬೇಕೆಂದು ತಿಳಿಯದೆ ನಿಂತಳು. ಹೆಂಗಸರ ಗುಂಪಿನ ಹಿಂದೆ, ನೆಂಟರಿಗೆ ಚಹಾ ಕೊಡಲು ಕೆಟಲು ಹಿಡಿದಿದ್ದ ಮವ್ಜುದಾ ಅದನ್ನು ಕೆಳಗಿಟ್ಟು ಮುಂದೆ ಬಂದು, ಶೋಯಿರಾಳ ಕೈಯಿಂದ ಬಟ್ಟಲನ್ನು ತೆಗೆದುಕೊಂಡಳು.

ಅತ್ತೆಯ ಬೆನ್ನಿನ ಕೆಳಗೆ ದಿಂಬು ಸೇರಿಸಿ ಎತ್ತಿದಳು. ಗದ್ದವನ್ನು ಎದೆಯ ಕಡೆಗೆ ಬಾಗಿಸಿದಳು. ಹತ್ತಿ ಅದ್ದಿ, ಅಭ್ಯಾಸಬಲದಿಂದ ಹಿಂಡಿಬಿಟ್ಟಳು. ಮತ್ತೆ ಅದ್ದಿ, ಈ ಸಲ ಹಿಂಡದೆ ತುಟಿಗೆ ಹಿಡಿದಳು.

"ನುಂಗಿ ಅತ್ತೆ," ಎಂದಳು. "ಈಗ ನುಂಗಿ."

ಹೋಸಿಯತ್ ಕಣ್ಣು ತೆರೆಯಲಿಲ್ಲ. ಆದರೆ ಗಂಟಲ ಗಂಟು ನಿಧಾನವಾಗಿ ಮೇಲೇರಿತು, ಇಳಿಯಿತು. 'ಗುಟುಕ್' ಎಂಬ ಸದ್ದು ಹತ್ತಿರವಿದ್ದವರಿಗೆ ಕೇಳಿಸಿತು. ಎಲ್ಲರೂ ಕೆಮ್ಮಿಗೆ ಕಾದರು. ಕೆಮ್ಮು ಬರಲಿಲ್ಲ. ಮವ್ಜುದಾ ಇನ್ನೊಂದು ಹನಿ ಬಿಟ್ಟಳು. ಅದೂ ಸರಿಯಾಗಿ ಇಳಿಯಿತು. ನಾಲಿಗೆಯ ತುದಿ ಹೊರಗೆ ಬಂದು ತುಟಿ ಸವರಿತು.

ಮವ್ಜುದಾ ತಲೆ ಎತ್ತಿ ಗಂಡನನ್ನು ನೋಡಿದಳು. ತಿಂಗಳುಗಳ ಮೇಲೆ ಅವನ ಮುಖ ನೇರವಾಗಿ ನೋಡಿದಳು.

"ಕಲ್ತಿದ್ರು ರೀ," ಎಂದಳು. "ನಿಮ್ಮಮ್ಮ ನುಂಗೋದನ್ನ ಕಲ್ತಿದ್ರು."

ಅವಳು ಹತ್ತಿಯನ್ನು ಮತ್ತೆ ನೀರಿಗೆ ಅದ್ದಿದಳು.